ಚರಣವಿಲ್ಲದ ಹಾಡುಗಾರ

ಯೋಗೀಶ ಸ್ವಾರ್ಥಿ. ಇನ್ನೊಬ್ಬರು ಹಾಡುವಾಗ ಕೊನೆಯವರೆಗೆ ಕೇಳುವ ತಾಳ್ಮೆ ಅವನಿಗಿರಲಿಲ್ಲ. ನಾವೆಲ್ಲ ನೆಲೆಸಿದ್ದ ಪರದೇಶದ ಊರು ಉಮೆಯೊದಲ್ಲಿ ಶನಿವಾರ ಮಧ್ಯಾಹ್ನ ನಾನು ನಡೆಸುತ್ತಿದ್ದ ಹಾಡಿನ ಗುಂಪಿಗೆ ಬರುತ್ತಿದ್ದ. ಯಾರದೇ ಹಾಡಿನ ಪಲ್ಲವಿ ಮುಗಿಯುತ್ತಲೇ ನಡುವೆ ಬಾಯಿ ಹಾಕಿ ತನ್ನ ಹಾಡು ಶುರು ಮಾಡುತ್ತಿದ್ದ.

ಅಂತ್ಯಾಕ್ಷರಿಯಲ್ಲಿ ಬೆಳೆದ ಚಾಳಿ ಅದು. ಬೆಂಗಳೂರಿನ ಕಂಪನಿ ಬಸ್ಸಿನಲ್ಲಿ ಅವನನ್ನು ಸೋಲಿಸಿದವರೇ ಇರಲಿಲ್ಲವಂತೆ. ನೂರಾರು ಹಾಡುಗಳ ಮೊದಲ ಸಾಲು ಬರುತ್ತಿತ್ತು. ಒಂದರ ಚರಣವೂ ಬರುತ್ತಿರಲಿಲ್ಲ. ಗಿಟಾರ್ ಹಿಡಿದು ತಾನೇ ಕಟ್ಟಿದ ಹಾಡುಗಳೂ ಪಲ್ಲವಿಗೇ ನಿಲ್ಲುತ್ತಿದ್ದವು.

"ಇವ್ರ ಹಾಡು ಬಸ್ ಸ್ಟಾಪ್ ಇದ್ದ ಹಾಗೆ ಮೇಡಂ," ಎಂದು ಅವನ ಹೆಂಡತಿ ಲಾವಣ್ಯಾ ನಗುತ್ತಿದ್ದಳು. "ಕಾಯ್ತಾನೇ ಇರ್ಬೇಕು, ಬಸ್ಸೇ ಬರಲ್ಲ."

೨೦೦೬ರ ಚಳಿಗಾಲದಲ್ಲಿ ಅವಳ ಕಿವಿ ಮಂದವಾಯಿತು. ನರವೇ ಸಾಯುತ್ತಿದೆ, ಯಾವ ಯಂತ್ರವೂ ನೆರವಾಗದು, ಹೆಚ್ಚೆಂದರೆ ಎರಡು ವರ್ಷ ಎಂದರು ವೈದ್ಯರು. ಯೋಗೀಶ ಒಬ್ಬನೇ ನನ್ನ ಮನೆಗೆ ಬಂದ.

"ಅವಳಿಗೋಸ್ಕರ ಒಂದೇ ಒಂದು ಹಾಡು ಪೂರ್ತಿ ಮಾಡ್ಬೇಕು ಮೇಡಂ. ಕಿವಿ ಹೋಗೋದ್ರೊಳಗೆ."

"ಮೊದಲು ಬೇರೆಯವರ ಹತ್ತು ಹಾಡು ಕೊನೆತನಕ ಕಲಿ."

"ಟೈಮ್ ಎಲ್ಲಿದೆ? ಕಾಪಿ ಹೊಡೆಯೋಕೆ ಬಂದಿಲ್ಲ ನಾನು."

"ಕಾಪಿ ಹೊಡೆಯೋನೂ ಪೂರ್ತಿ ನೋಡಿರ್ತಾನೆ ಕಣಯ್ಯ."

ಮುನಿಸಿಕೊಂಡು ಹೋದ. ಹೊಸ ಹೊಸ ಪಲ್ಲವಿ ಕಟ್ಟುತ್ತ ಒಂದು ವರ್ಷ ಹಾಳು ಮಾಡಿದ. ಬೇರೆ ದಾರಿ ಕಾಣದಾದಾಗ ಮರಳಿ ಬಂದು ಕಲಿಯಲು ಕುಳಿತ. ಚರಣವೆಂದರೆ ಇನ್ನೊಂದು ಪಲ್ಲವಿ ಎಂದೇ ಅವನು ತಿಳಿದಿದ್ದ. ಒಂದು ಹಾಡಿನ ಚರಣ ಮೇಲಿನ ಷಡ್ಜಕ್ಕೆ ಏರಿ, ಪಲ್ಲವಿ ಮುಚ್ಚಿಟ್ಟದ್ದನ್ನು ಹೇಳಿಬಿಡುತ್ತಿತ್ತು. ಇನ್ನೊಂದರಲ್ಲಿ ಚರಣಕ್ಕೆ ಮೊದಲು ಅರ್ಧ ಮಾತ್ರೆ ಮೌನ. ಅದನ್ನು ಹಿಡಿಯಲು ಅವನಿಗೆ ಮೂರು ವಾರ ಬೇಕಾಯಿತು.

"ದೂರ ಹೋಗಿ ಬಂದ್ಮೇಲೆ ಅದೇ ಪಲ್ಲವಿ ಬೇರೆ ಥರ ಕೇಳತ್ತಲ್ಲ ಮೇಡಂ!" ಎಂದ ಒಂದು ದಿನ.

ಏಳನೆಯ ಹಾಡಿನ ಹೊತ್ತಿಗೆ ತನ್ನ ಹಳೆಯ ಪಲ್ಲವಿಗಳು ಅವನಿಗೇ ಹಿಡಿಸದಾದವು. ಎಲ್ಲ ಬಿಟ್ಟು ಹೊಸದಾಗಿ ಬರೆದ. ೨೦೦೮ರ ಮೇ ತಿಂಗಳಲ್ಲಿ ಹಾಡು ಮುಗಿಯಿತು. ಚೆನ್ನಾಗಿತ್ತು. ಈ ಮಾತನ್ನು ನಾನು ಸುಲಭವಾಗಿ ಹೇಳುವವಳಲ್ಲ.

ಲಾವಣ್ಯಾಳ ಕಿವಿ ಏಪ್ರಿಲಿನಲ್ಲೇ ಪೂರ್ತಿ ಹೋಗಿತ್ತು.

ಆದರೂ ಹಾಡು ಮುಗಿದ ವಾರದ ಶನಿವಾರ ಗುಂಪಿನಲ್ಲಿ ಅವಳೆದುರು ಕುಳಿತು ಹಾಡಿದ. ಅವಳು ಅವನ ತುಟಿಗಳನ್ನೇ ನೋಡಿದಳು. ದಿನನಿತ್ಯದ ಮಾತನ್ನು ತುಟಿ ನೋಡಿ ಊಹಿಸಬಲ್ಲವಳಿಗೆ ಎಂದೂ ಕೇಳದ ಈ ಸಾಲುಗಳ ತಲೆಬುಡ ತಿಳಿಯಲಿಲ್ಲ.

"ಏನು ಹೇಳ್ತಿದ್ದೀರೋ ಗೊತ್ತಾಗ್ತಿಲ್ಲ ರೀ," ಎಂದಳು ಪಲ್ಲವಿ ಮುಗಿಯುತ್ತಲೇ, ಅಗತ್ಯಕ್ಕಿಂತ ಗಟ್ಟಿಯಾಗಿ.

ಕೇಳಿಸುತ್ತಿದ್ದ ನಾವೆಲ್ಲ ಕಾಫಿ ಲೋಟ ನೋಡುತ್ತ ಕುಳಿತೆವು. ಅವನು ಮುಂದುವರಿಸಬಹುದಿತ್ತು, ಆ ಚರಣಕ್ಕೆ ಅಲ್ಲಿ ಎಂಟು ಜನ ಕೇಳುಗರಿದ್ದರು. ಅವನು ಗಿಟಾರನ್ನು ಗೋಡೆಗೆ ಒರಗಿಸಿ, ನೀನು ಹಾಡು ಎಂದು ಅವಳಿಗೆ ಕೈಸನ್ನೆ ಮಾಡಿದ.

ಅವಳು ತವರುಮನೆಯ ಆರತಿ ಹಾಡೊಂದನ್ನು ಎತ್ತಿಕೊಂಡಳು. ಮೊದಲ ಸಾಲಿನಲ್ಲೇ ಶ್ರುತಿ ಜಾರಿತು. ಪಲ್ಲವಿ ಮುಗಿಯಿತು. ಯೋಗೀಶ ಬಾಯಿ ಮುಚ್ಚಿಕೊಂಡು, ಅವಳ ಮುಖ ನೋಡುತ್ತ, ಮೂರೂ ಚರಣ ಮುಗಿಯುವವರೆಗೆ ಕೇಳಿದ.