ಗುಡ್ಡದ ದಾರಿಗೆ ಹಚ್ಚಿದ ಸುಣ್ಣ

೧೯೯೬ರಲ್ಲಿ ನಾನು ಶಾಲೆ ಬಿಟ್ಟೆ, ಏಳನೇ ತರಗತಿಯ ಅರ್ಧಕ್ಕೆ. ಯಾರೂ ಬಿಡಿಸಲಿಲ್ಲ, ಹಸಿವೂ ಬಿಡಿಸಲಿಲ್ಲ. ಮಸ್ಕಿಯ ಬಸ್ ನಿಲ್ದಾಣದ ಹತ್ತಿರ ಒಂದು ಬಾಡಿಗೆ ಸೈಕಲ್ ಅಂಗಡಿ ಇತ್ತು. ಸೊಟ್ಟಗಾದ ಚಕ್ರವನ್ನು ಕಡ್ಡಿ ಬಿಗಿದು ನೆಟ್ಟಗೆ ಮಾಡುವುದನ್ನು ನೋಡುತ್ತ ನಿಂತವನು ಮಧ್ಯಾಹ್ನದ ಗಂಟೆಗೆ ವಾಪಸು ಹೋಗಲಿಲ್ಲ, ಅಷ್ಟೆ. ಅಂದಿನಿಂದ ನನ್ನ ಅನ್ನವನ್ನು ನಾನೇ ದುಡಿದು ಉಂಡಿದ್ದೇನೆ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಸಿಂಧನೂರಿನ ಸಾಹುಕಾರನೊಬ್ಬ ನಾಲ್ಕು ಜನರ ಮುಂದೆ ನನ್ನನ್ನು "ಪಂಚರ್ ಹಾಕಾಂವ" ಅಂದ. ಸುಳ್ಳೇನಲ್ಲ, ನಾನು ಪಂಚರ್ ಹಾಕುವವನೇ. ಆದರೆ ಅವನು ಆ ಮಾತು ಆಡುವಾಗ ನಿಂತಿದ್ದ ದಾರಿ ನಾನು ಕಡಿದದ್ದು.

ನಮ್ಮೂರ ಹಿಂದಿನ ಗುಡ್ಡದಲ್ಲಿ ಮೊದಲು ಆಡುಗಳು ಓಡಾಡುವ ಸಣ್ಣ ಜಾಡು ಮಾತ್ರ ಇತ್ತು. ಸ್ವಂತ ಅಂಗಡಿ ಹಾಕಿದ ಮೇಲೆ, ಲಿಂಗಸುಗೂರಿನವರೊಬ್ಬರು ಗುಜರಿಗೆ ಹಾಕಲು ಹೊರಟಿದ್ದ ಗೇರ್ ಸೈಕಲ್ಲೊಂದನ್ನು ತಂದು ಬಿಚ್ಚಿ ಕಟ್ಟಿದೆ. ಅದನ್ನು ಓಡಿಸಿ ನೋಡಲು ಗುಡ್ಡಕ್ಕೆ ಹೋದೆ. ಬಿದ್ದೆ. ಮರುದಿನ ಹಾರೆ ತೆಗೆದುಕೊಂಡು ಹೋದೆ. ಅಂಗಡಿ ತೆಗೆಯುವ ಮುಂಚಿನ ಬೆಳಗುಗಳಲ್ಲಿ ಕಲ್ಲು ಹೊರಳಿಸಿದೆ, ಜಾಲಿ ಕಡಿದೆ, ಮಳೆ ನೀರು ಕೊರೆದ ಕಡೆ ಚಪ್ಪಡಿ ಹಾಸಿದೆ. ಹೀಗೆ ಕೆಲವು ವರ್ಷ. ಗುಡ್ಡದ ನೆತ್ತಿಯಿಂದ ಬಿಟ್ಟರೆ ಬ್ರೇಕು ಹಿಡಿಯದೆ, ಕಾಲು ಊರದೆ, ಒಂದೇ ಉಸಿರಿಗೆ ಗುಡ್ಡದ ಆಚೆ ಬದಿಯ ಡ್ಯಾಮಿನ ಒಡ್ಡಿನವರೆಗೂ ಇಳಿಯುವಂತಾಯಿತು. ಕೊನೆಯ ತಿರುವಿನಲ್ಲಿ ನೀರು ಒಮ್ಮೆಲೇ ಕಣ್ಣಿಗೆ ಬೀಳುತ್ತದೆ. ಆ ತಿರುವಿಗಾಗಿಯೇ ನಾನು ಅಷ್ಟು ಬೆವರು ಹರಿಸಿದ್ದು.

ಆ ತಿರುವಿನ ಮೇಲೆ ಎತ್ತಿನ ಬೆನ್ನಿನಂಥ ಒಂದು ಬಂಡೆ. ವೇಗದಲ್ಲಿ ಬಂದರೆ ಕಾಣುವುದಿಲ್ಲ. ಕಾಣಲಿ ಎಂದು ಅದಕ್ಕೆ ಸುಣ್ಣ ಬಳಿದೆ. ಎಂಟು ದಿನ ಬಿಟ್ಟು ಹೋದರೆ ಬಂಡೆಯ ಮೇಲೆ ಕುಂಕುಮ, ಭಂಡಾರ, ಮುಂದೆ ಒಡೆದ ಕಾಯಿಯ ಚಿಪ್ಪು. ಆಡು ಮೇಯಿಸುವ ಮುದುಕಿಯೊಬ್ಬಳು ಅಲ್ಲೇ ನೆರಳಿಗೆ ಕೂತಿದ್ದಳು.

"ಇದೇನ್ಬೇ ಯವ್ವಾ?" ಅಂದೆ.

"ಯಾರೋ ಸುಣ್ಣ ಹಚ್ಯಾರ. ಸುಮ್ ಸುಮ್ನ ಹಚ್ತಾರೇನು ತಮ್ಮಾ? ಕನಸಿನ್ಯಾಗ ಬಂದಿರಬೇಕು."

"ನಾನ ಹಚ್ಚೀನ್ಬೇ. ಸೈಕಲ್ನವ್ರು ಬೀಳಬಾರ್ದಂತ."

"ಮತ್ತ ಅದ ಅಲ್ಲೇನು? ಬೀಳಬ್ಯಾಡ ಅಂತ ಕಾಯಾಂವನ ದೇವ್ರು."

ನಾನು ದಾರಿಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದೆ. ಅಲ್ಲಿಗೆ ಬಂದಾಗ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ದಾಟುವುದನ್ನು ರೂಢಿ ಮಾಡಿಕೊಂಡೆ. ನಮ್ಮ ಕಡೆ ಇದು ಹೊಸದಲ್ಲ. ಕಲ್ಲಿಗೆ ಸುಣ್ಣ ಬಿತ್ತು, ಮೇಲೆ ಒಂದು ಹೂವು ಬಿತ್ತು ಎಂದರೆ ಅದು ಆಮೇಲೆ ಕಲ್ಲಲ್ಲ. ಯಾರಿಟ್ಟರು ಎಂದು ಯಾರೂ ಕೇಳುವುದಿಲ್ಲ, ತೆಗೆಯಲು ಯಾರ ಕೈಯೂ ಬರುವುದಿಲ್ಲ.

ಕೊರೋನಾ ಬಂದು ಹೋದ ಮೇಲೆ ಗೇರ್ ಸೈಕಲ್ಲಿನ ಹುಚ್ಚು ನಮ್ಮ ಕಡೆಗೂ ಹಬ್ಬಿತು. ಸಿಂಧನೂರಿನ ಸುತ್ತ ಎಲ್ಲಿ ನೋಡಿದರೂ ಕಾಲುವೆ, ಭತ್ತದ ಗದ್ದೆ. ಏರಲು ಒಂದು ದಿಬ್ಬವಿಲ್ಲ. ಹಾಗಾಗಿ ಅಲ್ಲಿಯ ವ್ಯಾಪಾರಸ್ಥರು ಭಾನುವಾರ ಕಾರಿನ ಬೆನ್ನಿಗೆ ಸೈಕಲ್ ಕಟ್ಟಿಕೊಂಡು ಬಳಗಾನೂರು ದಾಟಿ ಮಸ್ಕಿಗೆ ಬರತೊಡಗಿದರು. ಅವರಿಗೆ ಮುಂದಾಳು ಮೊದಲೇ ಹೇಳಿದ ಆ ಸಾಹುಕಾರ, ಗೊಬ್ಬರದ ಅಂಗಡಿಯವನು. ಹೆಲ್ಮೆಟ್ಟಿನ ಕೆಳಗೂ ವಿಭೂತಿ ಅಳಿಯಗೊಡದ ಮನುಷ್ಯ. ಸುಣ್ಣದ ಬಂಡೆ ಬಂದರೆ ಎಲ್ಲರಿಗಿಂತ ಮೊದಲು ಬೂಟು ಕಳಚುತ್ತಿದ್ದವನು ಅವನೇ. ಆ ಭಕ್ತಿ ಸುಳ್ಳಾಗಿರಲಿಲ್ಲ, ಅದನ್ನೂ ಬರೆಯಬೇಕು.

ಮೊದಮೊದಲು ನಾನು ಮುಂದೆ, ಅವರು ಹಿಂದೆ. ಎಲ್ಲಿ ಗೇರು ಇಳಿಸಬೇಕು, ಎಲ್ಲಿ ಕುಂಡಿ ಎತ್ತಿ ನಿಲ್ಲಬೇಕು, ಕೂಗಿ ಹೇಳುತ್ತಿದ್ದೆ. ಬರಬರುತ್ತ ಸಾಹುಕಾರ ನನ್ನ ಪಕ್ಕಕ್ಕೆ ಬಂದ. ಆಮೇಲೆ ಮುಂದಕ್ಕೆ ಹೋದ. ಒಂದು ಭಾನುವಾರ ಲಿಂಗಸುಗೂರಿನಿಂದ ಒಬ್ಬ ಅಧಿಕಾರಿಯನ್ನು ಕರೆದು ತಂದ. ಗುಡ್ಡದ ಬುಡದಲ್ಲಿ ಬ್ಯಾನರು. ಬ್ಯಾನರಿನಲ್ಲಿ ಅವನ ಗೊಬ್ಬರದ ಅಂಗಡಿಯ ಹೆಸರು, ಅದರ ಮುಂದೆ "ಸೈಕಲ್ ದಾರಿ" ಎಂದು ದಪ್ಪ ಅಕ್ಷರ. ಮೇಲೆ ಹೋದರೆ, ಸುಣ್ಣದ ಬಂಡೆಯೊಂದನ್ನು ಬಿಟ್ಟು, ದಾರಿಯುದ್ದಕ್ಕೂ ಐದು ಬಂಡೆಗಳ ಮೇಲೆ ಹಸಿರು ಎಣ್ಣೆ ಬಣ್ಣದಲ್ಲಿ ಅದೇ ಹೆಸರು, ಅದೇ ಬಾಣದ ಗುರುತು. ಒಂದು ಬಂಡೆಯನ್ನಂತೂ ನಾನು ಮೂರು ಬೆಳಗು ಹಾರೆ ಹಾಕಿ ಮೀಟಿ ಸರಿಸಿದ್ದೆ. ಅದರ ಹೊಟ್ಟೆಯ ಮೇಲೂ ಅವನ ಹೆಸರು.

ಅಧಿಕಾರಿ ಸುತ್ತ ನೋಡಿ ಕೇಳಿದರು, "ಛಲೋ ಐತ್ರಿ ದಾರಿ. ಯಾರ್ ಮಾಡಿದ್ರಿ?"

"ನಾವ ಮಾಡ್ಸೀವ್ರಿ ಸರ್," ಅಂದ ಸಾಹುಕಾರ.

ನಾನು ಅವನ ಬಗಲಿಗೇ ಇದ್ದೆ. ಅಧಿಕಾರಿ ನನ್ನ ಕಡೆ ತಿರುಗಿ, "ಇವ್ರು?" ಅಂದರು.

"ಇಂವಾ ಪಂಚರ್ ಹಾಕಾಂವ್ರಿ." ಆಮೇಲೆ ನನಗೆ, "ಲೇ, ಪಂಪ್ ಹಿಡ್ಕೊಂಡು ಹಿಂದ ಬಾ. ಫೋಟೋ ತೆಗಿಯಾಕತ್ತಾರ, ಒಂದೀಟು ಸರಿ."

ಸರಿದೆ. ಕೈಯಲ್ಲಿ ಪಂಪು ಹಿಡಿದು, ನನ್ನ ದಾರಿಯಲ್ಲಿ, ಎಲ್ಲರ ಹಿಂದೆ ಇಳಿದೆ. ಮುಂದೆ ಹೋದವರ ಧೂಳು ಬಾಯಿಗೆ ಬರುತ್ತಿತ್ತು. ಉಗುಳಲಿಲ್ಲ, ನುಂಗಿದೆ.

ಆಳು ಹಚ್ಚಿ ಹೊಡೆಸುವುದು, ಬಣ್ಣ ಕೆರೆದು ಹಾಕುವುದು, ಹಾದಿಗೆ ಮುಳ್ಳು ಕಡಿದು ಹಾಕುವುದು, ಎಲ್ಲ ತಲೆಗೆ ಬಂತು. ಬಣ್ಣ ಕೆರೆದರೆ ಮತ್ತೆ ಬಳಿಸುತ್ತಾನೆ. ಅವನ ಹತ್ತಿರ ಬಣ್ಣಕ್ಕೆ ಕೊರತೆ ಇಲ್ಲ. ಅವನು ಮತ್ತೆ ಬಳಿಯಲಾರದಂತೆ ಆಗಬೇಕಿತ್ತು. ಅಂಗಡಿಯಲ್ಲಿ ಟ್ಯೂಬು ತೊಟ್ಟಿಗೆ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಿದ್ದಾಗ ಹೊಳೆಯಿತು. ಕೂತಲ್ಲೇ ನಕ್ಕೆ. ಟ್ಯೂಬಿನ ಯಜಮಾನ, "ತೂತು ಸಿಕ್ತೇನ?" ಎಂದು ಕೇಳಿದ.

"ಸಿಕ್ತು," ಅಂದೆ.

ಮರುದಿನ ಸುಣ್ಣದ ಡಬ್ಬಿ, ಕುಂಚ, ಒಂದು ಪೊಟ್ಟಣ ಕುಂಕುಮ ತೆಗೆದುಕೊಂಡು ಹೊರಟೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಎಲ್ಲಿಗಿ ಹೊಂಟೀರಿ ಇದನ್ನ ತಗೊಂಡು?"

"ಗುಡ್ಡಕ್ಕ."

"ದೇವ್ರ ಜೋಡಿ ಆಟ ಬ್ಯಾಡ್ರಿ."

"ದೇವ್ರ ಜೋಡಿ ಅಲ್ಲ, ಸಾವ್ಕಾರನ ಜೋಡಿ."

ಕದ್ದು ಮಾಡಲಿಲ್ಲ. ಬಿಸಿಲು ಏರಿದ ಮೇಲೆ, ಆಡಿನವರು ನೋಡುವಂತೆಯೇ ಮಾಡಿದೆ. ಐದೂ ಬಂಡೆಗಳ ಹಸಿರಿನ ಮೇಲೆ ಎರಡೆರಡು ಸಲ ಸುಣ್ಣ ಬಳಿದೆ. ಒಣಗಿದ ಮೇಲೆ ನಡುವೆ ಒಂದು ಬೊಟ್ಟು ಇಟ್ಟೆ. ದೇವರು ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ. ಮೊದಲ ವಾರ ಚೆಂಡು ಹೂ ಬಂತು. ಆಮೇಲೆ ಕಾಯಿ ಒಡೆದರು. ಸಂತೆಕಲ್ಲೂರಿನಿಂದ ಆಟೋ ಮಾಡಿಕೊಂಡು ಬಂದ ಹೆಣ್ಣುಮಕ್ಕಳು ಎರಡನೇ ಬಂಡೆಗೆ ಹಸಿರು ಬಳೆ ಇಟ್ಟು ಹೋದರು ಎಂದು ಮುದುಕಿ ಹೇಳಿದಳು. ಮೂರನೆಯದಕ್ಕೆ ಯಾರೋ ವಿಭೂತಿ ಎಳೆದಿದ್ದರು. ಅದು ನನ್ನ ಕೈ ಅಲ್ಲ. ನೋಡಿ ನನಗೇ ಮೈ ಜುಮ್ಮೆಂದಿತು.

ನಾಟಿ ಹಂಗಾಮಿನ ವ್ಯಾಪಾರ ಮುಗಿಸಿಕೊಂಡು ಸಾಹುಕಾರ ಮತ್ತೆ ಬಂದ, ಅದೇ ಅಧಿಕಾರಿಯನ್ನು ಕರೆದುಕೊಂಡು. ನೆತ್ತಿಯಲ್ಲಿ ನಾನು ಪಂಪು ಹಿಡಿದು ಎಲ್ಲರ ಹಿಂದೆ ನಿಂತೆ. ಅವನೇ ಕೊಟ್ಟ ಜಾಗ.

ಮೊದಲ ಬಂಡೆಯ ಮುಂದೆ ಅವನ ಬ್ರೇಕು ಕಿರುಗುಟ್ಟಿತು. ಬೆಳ್ಳಗೆ ಹೊಳೆಯುತ್ತಿದ್ದ ಕಲ್ಲಿಗೆ ಹೂವಿನ ಮಾಲೆ. ಅವನು ಇಳಿದ. ಪೆಡಲಿಗೆ ಸಿಕ್ಕಿಸುವ ಬಿಗಿ ಬೂಟಿನ ಪಟ್ಟಿ ಬಿಚ್ಚಿದ. ಬಿಚ್ಚದೆ ಇರಲು ಅವನಿಂದ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಬರಿಗಾಲಲ್ಲಿ ಸೈಕಲ್ ಹೊತ್ತು ದಾಟಿ, ಬೂಟು ಹಾಕಿಕೊಂಡು, ಹತ್ತಿ, ನಾಲ್ಕು ತುಳಿತ ತುಳಿಯುವಷ್ಟರಲ್ಲಿ ಎರಡನೆಯದು.

"ಸಾವ್ಕಾರ್ರ, ನಿಮ್ಮ ಹೆಸರು ಎಲ್ಲೈತ್ರಿ? ಕಾಣವಲ್ದು," ಅಂದರು ಅಧಿಕಾರಿ. ಅವರಿಗೆ ಕುಹಕವಿರಲಿಲ್ಲ, ನಿಜವಾಗಿ ಹುಡುಕುತ್ತಿದ್ದರು. ಅದು ನನಗೆ ಇನ್ನೂ ರುಚಿಯಾಯಿತು.

ಮೂರನೇ ಬಂಡೆಯ ಹತ್ತಿರ ಮುದುಕಿ ಇದ್ದಳು. ಸಾಹುಕಾರ ಬೂಟು ಬಿಚ್ಚುವುದನ್ನೇ ಬಿಟ್ಟು ನಿಂತಿದ್ದ, ಸುಸ್ತಾಗಿತ್ತು.

"ಕಾಲಾಗಿಂದು ತಗಿಯೋ ಯಪ್ಪಾ," ಅಂದಳು. "ಮೊದ್ಲೇ ದೇವ್ರು ಸಿಟ್ಟಾಗ್ಯಾನ. ಯಾರೋ ಪಾಪಿಗೋಳು ಹಸರ ಬಣ್ಣಾ ಬಳದು ಮುಖಾ ಮುಚ್ಚಿದ್ರು. ನೀ ನೋಡೀಯೇನು ಅವರನ್ನ?"

ಸಾಹುಕಾರ ಬಗ್ಗಿ ಬೂಟಿನ ಪಟ್ಟಿ ಹುಡುಕಿದ. "ಇಲ್ಬೇ ಯವ್ವಾ," ಅಂದ.

"ಸಿಕ್ರ ಹೇಳು. ಅವನ ಮನಿ ಮುಂದ ಕುಂತು ಮಣ್ಣು ತೂರ್ತೀನಿ."

ಒಡ್ಡಿಗೆ ತಲುಪುವಾಗ ಅವನ ಅಂಗಾಲಿನಲ್ಲಿ ಜಾಲಿ ಮುಳ್ಳು ಮುರಿದಿತ್ತು. ಉಳಿದವರು ನೀರಿನ ಹತ್ತಿರ ಹೋದರು. ಅವನು ಕಲ್ಲಿನ ಮೇಲೆ ಕೂತು ನನ್ನನ್ನು ಕರೆದ.

"ನೀನ ಮಾಡೀದಿ, ಅಲ್ಲೇನಲೇ?"

"ಸುಣ್ಣ ಹಚ್ಚೀನ್ರಿ. ಬಾಕಿದ್ದು ನಾ ಮಾಡಿಲ್ಲ."

"ನಾಳೆ ಬಂದು ಐದೂ ಒರಸ್ಬೇಕು ನೀ."

"ನನ್ ಕೈಲೆ ಆಗೂದಿಲ್ರಿ. ನೀವ ಒರಸ್ರಿ. ನೀರು ಇಲ್ಲೇ ಐತಿ, ಕೊಡ ತುಂಬಿ ಕೊಡ್ತೀನಿ."

ಅವನು ನಿಜವಾಗಿಯೂ ಎದ್ದ. ಕುಂಟುತ್ತ ಐದನೇ ಬಂಡೆಯವರೆಗೆ ಹತ್ತಿದ, ನಾನೂ ಹಿಂದೆ ಹೋದೆ. ಸುಣ್ಣದ ಮೇಲೆ ಅಂಗೈ ಇಟ್ಟ. ಒಂದು ಸಲ ಉಜ್ಜಿದರೆ ಅವನ ಹೆಸರಿನ ತುದಿ ಕಾಣುತ್ತಿತ್ತೋ ಏನೋ. ಉಜ್ಜಲಿಲ್ಲ. ಕೈ ತೆಗೆದು ಎರಡು ಕಣ್ಣಿಗೂ ಒತ್ತಿಕೊಂಡ. ರೆಪ್ಪೆಗೆ ಬಿಳಿ ಹತ್ತಿತು.

"ನಿನಗೇನ್ ಬೇಕಲೇ?" ಅಂದ, ಮೆಲ್ಲಗೆ.

"ಸಾಹೇಬ್ರು ಅಲ್ಲೇ ಅದಾರ. ಈ ದಾರಿ ಯಾರ್ ಮಾಡಿದ್ರಂತ ಒಂದು ಮಾತು ಹೇಳ್ರಿ. ಸಾಕು."

ಅವನು ನೀರಿನ ಕಡೆ ನೋಡಿದ. ಬೂಟು ಕೈಯಲ್ಲಿ ಹಿಡಿದು ಇಳಿದು ಹೋಗಿ, ಒಡ್ಡಿನ ಹತ್ತಿರ ಕಾಯುತ್ತಿದ್ದ ಕಾರಿಗೆ ಸೈಕಲ್ ಕಟ್ಟಿಸಿಕೊಂಡ. ಹೇಳಲಿಲ್ಲ. ದೇವರಿಗೆ ಬಗ್ಗುವ ಕುತ್ತಿಗೆ ನನ್ನಂಥವನಿಗೆ ಬಗ್ಗಲಿಲ್ಲ. ಅವತ್ತಿನಿಂದ ಅವನು ಮಸ್ಕಿಗೆ ಬಂದಿಲ್ಲ. ಈಗ ಮುದಗಲ್ ಕಡೆಯ ಗುಡ್ಡಕ್ಕೆ ಹೋಗುತ್ತಾನಂತೆ. ಹೋಗಲಿ. ಸುಣ್ಣ ಅಲ್ಲಿಯೂ ಸಿಗುತ್ತದೆ.

ನನ್ನ ದಾರಿ ಮೊದಲಿನಂತೆ ಉಳಿದಿಲ್ಲ. ಕೊನೆಯ ತಿರುವಿನವರೆಗಾದರೂ ಒಂದೇ ಉಸಿರಿಗೆ ಇಳಿಯುವ ಸುಖವಿತ್ತು, ಅದೂ ಹೋಯಿತು. ಸುಣ್ಣ ಬಳಿದವನು ನಾನೇ ಎಂದು ಗೊತ್ತಿದ್ದೂ ಪ್ರತಿ ಬಂಡೆಯ ಹತ್ತಿರ ಇಳಿಯುತ್ತೇನೆ, ಚಪ್ಪಲಿ ಬಿಡುತ್ತೇನೆ. ಇಳಿಯದೆ ಹೋಗಿಬಿಡೋಣ ಎಂದು ಒಮ್ಮೆ ಯಾರೂ ಇಲ್ಲದಾಗ ನಿರ್ಧರಿಸಿದ್ದೆ. ಬ್ರೇಕು ತಾನೇ ಬಿತ್ತು. ಹೆಂಡತಿ ಇದನ್ನು ಕೇಳಿ, "ಸೇಡು ಯಾರ ಮ್ಯಾಲ ತೀರಿಸ್ಕೊಂಡ್ರಿ ಹಂಗಾರ?" ಅಂದಳು. ಅವನ ಮೇಲೆ ಎಂದೆ. ನನಗೂ ತಗುಲಿದ್ದು ನಿಜ. ಆದರೂ ಇನ್ನೊಮ್ಮೆ ಅವನು ಆ ಹೆಸರು ಬರೆಸಿದರೆ ಇನ್ನೊಮ್ಮೆ ಡಬ್ಬಿ ಹಿಡಿಯುತ್ತೇನೆ.

ಈಗ ನನಗೆ ಇರುವುದು: ಸ್ವಂತದ್ದೊಂದು ಅಂಗಡಿ. ಗಾಳಿ ಹೊಡೆಯುವ ಮಷೀನು ಒಂದು. ಗೇರ್ ಸೈಕಲ್ ಎರಡು, ಸಾದಾ ಸೈಕಲ್ ಒಂದು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಭಾನುವಾರ ನನ್ನ ಹಿಂದೆ ಗುಡ್ಡ ಹತ್ತುವವರು ಏಳು ಮಂದಿ. ವೈರಿ ಒಬ್ಬ.