ವಿ ತಗಿ ಟೀಚರು
ಮಾನ್ವಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ನಾಗರತ್ನಾ ಟೀಚರಿಗೆ ಕಣ್ಣಿಗೆ ಬಿದ್ದದ್ದೆಲ್ಲ ಲೆಕ್ಕವೇ. ಮದುವೆಮನೆಗೆ ಹೋದರೆ ಅಕ್ಷತೆ ಹಾಕುವ ಮೊದಲು ಕೂಲರಿನ ಬೆನ್ನು ಓದುತ್ತಾರೆ: "ಇನ್ನೂರಾ ಮೂವತ್ತು ವೋಲ್ಟು, ಒಂದು ಆಂಪಿಯರು. ಭಾಗಿಸಿದ್ರ ರೋಧ, ಗುಣಿಸಿದ್ರ ಸಾಮರ್ಥ್ಯ, ಹೇಳ್ರಿ ನೋಡೋಣು!" ಬೀಗರು ಮೆಲ್ಲಗೆ ಊಟದ ಪಂಕ್ತಿಯ ಕಡೆ ಸರಿಯುತ್ತಾರೆ. ಗಂಡ ಬಸವಪ್ರಸಾದ ಮಾತ್ರ ಪಳಗಿಹೋಗಿದ್ದಾರೆ; ಇಸ್ತ್ರಿಪೆಟ್ಟಿಗೆ ಮುಟ್ಟುವ ಮೊದಲೇ ಓಮು, ವ್ಯಾಟು ಒಪ್ಪಿಸಿಬಿಡುತ್ತಾರೆ. ಟೀಚರ ಪಿತ್ತ ನೆತ್ತಿಗೇರುವುದು ಒಂದೇ ತಪ್ಪಿಗೆ: ಪ್ರತಿ ವರ್ಷ ಅರ್ಧ ಕ್ಲಾಸು, ಕರೆಂಟಿನ ಹರಿವಿಗೆ ಅಡ್ಡಿಯಾಗುವ 'ರೋಧ' ಬರೆಯುವಲ್ಲಿ 'ವಿರೋಧ' ಎಂದು ಬರೆಯುತ್ತದೆ. "ಲೇ, ವಿ ತಗಿ! ವಿ ಅಂದ್ರ ವೋಲ್ಟೇಜು, ಅದು ಸೂತ್ರದಾಗ ಇರ್ಲಿ, ಹೆಸರಿನಾಗ ಬ್ಯಾಡ!" ಹೀಗೆ ಕೂಗಿ ಕೂಗಿ ಅವರ ಹೆಸರೇ 'ವಿ ತಗಿ ಟೀಚರು' ಎಂದಾಗಿದೆ. ಈ ಸಲ ಹತ್ತನೇ ತರಗತಿ ಪಾಸಾದ ಸೂಗಮ್ಮ ರಾಯಚೂರಿನ ಕಾಲೇಜಿಗೆ ಸೇರಲೇ ಇಲ್ಲವೆಂದು ತಿಳಿದಾಗ ಟೀಚರು ನೀರಮಾನ್ವಿಯ ಅವಳ ಮನೆಗೇ ಹೋದರು. ಅಪ್ಪ ತಾಯಣ್ಣ ಕೈಮುಗಿದ. "ಏನ್ ಮಾಡ್ಲಿರೀ ಟೀಚರ್, ಹುಡುಗಿನ್ನ ಅಷ್ಟು ದೂರ ಕಳಸಾಕ ಮನಿಮಂದಿದೆಲ್ಲಾ ವಿರೋಧ ಅದ." ಬಾಗಿಲ ಮರೆಯಲ್ಲಿ ಅಳುತ್ತ ನಿಂತಿದ್ದ ಸೂಗಮ್ಮ ಆ ಪದ ಕೇಳಿದ್ದೇ ತಡ, ಕಿಸಕ್ಕನೆ ನಕ್ಕಳು. ಟೀಚರು ಕಟ್ಟೆಯ ಮೇಲೆ ಚೀಲ ಇಟ್ಟು, ಗಟ್ಟಿಯಾಗಿ ಕುಳಿತರು. "ವಿ ತಗೀರಿ, ತಾಯಣ್ಣ. ಅದು ಬರೇ ರೋಧ. ನಾನು ನಾಳೆನೂ ಬರ್ತೀನಿ, ನಾಡದ್ದೂ ಬರ್ತೀನಿ. ರೋಧ ಕಡಿಮಿ ಆಗಲಿಲ್ಲಂದ್ರ ವೋಲ್ಟೇಜು ಏರಸಬೇಕು, ಅಷ್ಟ!"