ಡಬ್ಬಕ್ಕಾದ ಸನ್ಮಾನ

ನಮ್ಮ ಆರ್ಕೆಸ್ಟ್ರಾದ ಹಿರಿಯ ಗಾಯಕರಿಗೆ ಕಿವಿ ಮಂದವಾಗಿದೆ ಎಂಬುದು ಅವರೊಬ್ಬರನ್ನು ಬಿಟ್ಟು ಇಡೀ ಮೈಸೂರಿಗೆ ಗೊತ್ತಿತ್ತು. ಹಾಡುವಾಗ ತಮ್ಮ ದನಿ ತಮಗೇ ಕೇಳದೆ ಶ್ರುತಿ ಎತ್ತಲೋ ಹೋಗುತ್ತಿತ್ತು. ಅವರು ಮಾತ್ರ ಕೀಬೋರ್ಡಿನವನನ್ನು ಬೈಯುತ್ತಿದ್ದರು.

ಯಾದವಗಿರಿಯ ಒಂದು ಆರತಕ್ಷತೆಗೆ ಹೊರಟಾಗ ಆರ್ಕೆಸ್ಟ್ರಾ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು. "ಇವತ್ತೂ ಶ್ರುತಿ ತಪ್ಪುದ್ರೆ ಒಂದು ಶಾಲು ಹೊದಿಸಿ, ಹಾರ ಹಾಕಿ ಮನೆಗೆ ಕಳಿಸ್ಬುಡ್ತೀನಿ ಕಣಯ್ಯ."

ನಮ್ಮಲ್ಲಿ ಯಾರನ್ನಾದರೂ ಓಡಿಸಬೇಕಾದರೆ ಸನ್ಮಾನಕ್ಕಿಂತ ಮರ್ಯಾದಸ್ಥ ದಾರಿ ಇಲ್ಲ.

ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಆದರೆ ಆರ್ಕೆಸ್ಟ್ರಾದ ಮೈಕ್ ಸೆಟ್ಟು ನನ್ನದೇ ಕೆಲಸ, ಅದರ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ. ಬೆವರು ಸುರಿಸಿ ದುಡಿದು ಕೊಂಡಿದ್ದ ಪುಟ್ಟ ಸ್ಪೀಕರೊಂದಿತ್ತು. ಆಂಪ್ಲಿಫೈಯರ್ ಅದರ ಹೊಟ್ಟೆಯೊಳಗೇ ಇರುತ್ತದೆ. ಅದನ್ನು ಗಾಯಕರ ಕಾಲ ಬಳಿ, ಮುಖ ಅವರ ಕಿವಿಯತ್ತ ಎತ್ತಿ ಇಟ್ಟೆ. ಜನಕ್ಕೆ ದೊಡ್ಡ ಬಾಕ್ಸು, ಅವರಿಗೆ ಇದು.

"ಏನ್ಲಾ ಇದು, ಬುತ್ತಿ ಡಬ್ಬಿನಾ?" ಅಂದರು ಗಾಯಕರು.

"ನಿಮ್ಮ ದನಿ ನಿಮಗೂ ಕೇಳ್ಲಿ ಅಂತ, ಸಾರ್."

"ನನ್ನ ದನಿ ನಂಗೆ ಗೊತ್ತಿಲ್ವೇನೋ?"

ಟೆಸ್ಟಿಂಗ್ ಚೆನ್ನಾಗಿಯೇ ಆಯಿತು. ಕಾಫಿ ಕುಡಿದು ಬಂದು ದನಿ ಹದ ಮಾಡುವ ಮಿಕ್ಸರ್ ಮುಂದೆ ಕೂತೆ. ಮೊದಲ ಹಾಡಿನ ಪಲ್ಲವಿಯಲ್ಲೇ ಗಾಯಕರು ಜಾರಿದರು. ಯಜಮಾನರು ನನ್ನತ್ತ ಬೀರಿದ ನೋಟದಲ್ಲಿ ಆಗಲೇ ಶಾಲಿನ ಅಂಚು ಕಾಣುತ್ತಿತ್ತು. ವೇದಿಕೆಯತ್ತ ನೋಡುತ್ತೇನೆ, ಗಾಯಕರಿಗಾಗಬೇಕಿದ್ದ ಸನ್ಮಾನ ನನ್ನ ಡಬ್ಬಕ್ಕೇ ಆಗಿಹೋಗಿದೆ! ಜರಿ ಬಟ್ಟೆ ಹೊದ್ದು, ಸೇವಂತಿಗೆ ಹಾರ ಹಾಕಿಕೊಂಡು, ಮದುಮಗನಿಗಿಂತ ಗಂಭೀರವಾಗಿ ಕೂತಿತ್ತು.

ಓಡಿ ವೇದಿಕೆ ಹತ್ತಿದೆ. ಹಾರ, ಬಟ್ಟೆ ಎಲ್ಲ ಕಿತ್ತು ಎಸೆಯುತ್ತಿದ್ದಂತೆ ಡೆಕೊರೇಷನ್ನಿನವನು ಧಾವಿಸಿ ಬಂದ.

"ಅಯ್ಯೋ ಅಣ್ಣ, ಕರಿ ಡಬ್ಬ ಫೋಟೋಲಿ ಅಸಹ್ಯವಾಗಿ ಕಾಣ್ತದೆ ಅಂತ ಮುಚ್ಬುಟ್ಟಿದ್ದೆ!"

"ಹಂಗಾದ್ರೆ ನನ್ನ ಮುಖಾನೂ ಮುಚ್ಬುಡಪ್ಪ, ಅದೂ ಕರೀದೇ."

ಚರಣಕ್ಕೆ ಬರುವಷ್ಟರಲ್ಲಿ ದನಿ ದಾರಿಗೆ ಬಂತು. ಗಾಯಕರು ಒಮ್ಮೆ ಬಗ್ಗಿ ಡಬ್ಬವನ್ನು ನೋಡಿದರು. ಆಮೇಲೆ ಕೊನೆಯ ಹಾಡಿನ ತನಕ ಕಣ್ಣು ಮುಚ್ಚಿ, ಜಗತ್ತೇ ತಮ್ಮದೆಂಬಂತೆ ಹಾಡಿದರು. ಯಜಮಾನರು ಶಾಲಿನ ಮಾತೆತ್ತಲಿಲ್ಲ.

ಸಾಮಾನು ಕಟ್ಟುವಾಗ ಗಾಯಕರು ಹತ್ತಿರ ಬಂದರು. "ನೋಡಿದ್ಯಾ, ಇವತ್ತು ಕೀಬೋರ್ಡಿನವನು ಸರಿಯಾಗಿ ನುಡಿಸ್ದ."

"ಹೌದು ಸಾರ್, ಎಲ್ಲಾ ಅವನದೇ ದಯೆ," ಎನ್ನುತ್ತಾ ನಾನು ಡಬ್ಬಕ್ಕೆ ಕೈ ಹಾಕಿದೆ.

ಅವರು ಬಿಡಲಿಲ್ಲ. ಅದನ್ನು ಎದೆಗವುಚಿಕೊಂಡು ವ್ಯಾನಿನವರೆಗೂ ತಾವೇ ಹೊತ್ತರು.

"ನೀನು ಎಲ್ಲಾದ್ರೂ ಬೀಳಿಸ್ಬುಡ್ತೀಯ ಕಣೋ."